ಕೋಟದಲ್ಲಿ ನಿಂತ ಒಂದು ದಿನ

ಆಷಾಢದ ಒಂದು ಬೆಳಿಗ್ಗೆ ನನ್ನ ಯಜಮಾನರು ಚಹಾದ ಲೋಟ ಕೆಳಗಿಟ್ಟು ಏನೋ ಹೇಳಲು ಹೊರಟರು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಬಲಗೈ ಮೇಜಿನ ಅಂಚಿನಿಂದ ಜಾರಿತು. ಉರ್ವದ ನಮ್ಮ ಮನೆಯಿಂದ ಆಸ್ಪತ್ರೆಗೆ ಹದಿನೈದು ನಿಮಿಷದ ದಾರಿ. ಅಷ್ಟು ಹೊತ್ತೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ವೈದ್ಯರು. ಇಪ್ಪತ್ತು ದಿನಕ್ಕೆ ಮನೆಗೆ ಬಂದೆವು. ನಿಧಾನವಾಗಿ ಕೋಲು ಹಿಡಿದು ನಡೆದರು, ಎಡಗೈಯಲ್ಲಿ ಉಣ್ಣಲು ಕಲಿತರು. ಮಾತು ಮಾತ್ರ ಹೋದದ್ದು ಹೋಗಿಯೇಬಿಟ್ಟಿತು. ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಹೇಳಬೇಕಾದದ್ದು ತುಟಿಯವರೆಗೆ ಬಂದು ನಿಲ್ಲುತ್ತಿತ್ತು. ಮಾತು ಕಲಿಸಲು ಬರುತ್ತಿದ್ದ ಹುಡುಗಿ, "ಆಂಟಿ, ಅವರಿಗೆ ಸ್ವಲ್ಪ ಟೈಮ್ ಕೊಡಿ" ಎಂದು ಎಷ್ಟೋ ಸಲ ಹೇಳಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಆದರೆ ಅವರು ಒದ್ದಾಡುವುದನ್ನು ನೋಡಿಕೊಂಡು ಸುಮ್ಮನೆ ಕೂರುವುದು ಯಾವ ಹೆಂಡತಿಗೆ ಸಾಧ್ಯ? "ನೀರು ಬೇಕಾ? ಫ್ಯಾನ್ ಹಾಕ್ಬೇಕಾ? ಬೆನ್ನು ನೋವಾ?" ಎಂದು ನಾನೇ ಕೇಳಿ, ನಾನೇ ಉತ್ತರ ಹೇಳಿ ಮುಗಿಸುತ್ತಿದ್ದೆ.

ಏಳು ತಿಂಗಳು ಹೀಗೆ ಕಳೆಯಿತು. ಒಂದು ಸಂಜೆ ದೀಪ ಹಚ್ಚುವಾಗ ಕೊಲ್ಲೂರಿನ ಅಮ್ಮನಿಗೆ ಹರಕೆ ಹೇಳಿಕೊಂಡೆ: "ಮಾತಿನ ತಾಯಿ ನೀನು. ಸೋಮವಾರ ಹೊರಟು, ಎಲ್ಲೂ ವಾಹನ ಹತ್ತದೆ, ಒಂದು ದಿನವೂ ನಿಲ್ಲದೆ ನಡೆದು, ಶುಕ್ರವಾರ ನಿನ್ನ ಎದುರು ನಿಲ್ಲುತ್ತೇನೆ. ಇವರ ಬಾಯಿಂದ ಒಂದು ಮಾತು ಬರಲಿ." ನಮ್ಮ ಭಜನಾ ಮಂಡಳಿಯ ಒಂಬತ್ತು ಮಂದಿ ಮಾಘದಲ್ಲಿ ಪಾದಯಾತ್ರೆ ಹೊರಡುವವರಿದ್ದರು, ನಾನೂ ಸೇರಿಕೊಂಡೆ. ಯಜಮಾನರನ್ನು ನೋಡಿಕೊಳ್ಳಲು ನಾದಿನಿ ವಸಂತಿ ಉಳ್ಳಾಲದಿಂದ ಬಂದಳು.

ಐವತ್ತನಾಲ್ಕು ವರ್ಷದ ನಾನು ಮಾರುಕಟ್ಟೆಗೆ ಹೋಗಿಬರುವುದಕ್ಕಿಂತ ಹೆಚ್ಚು ನಡೆದವಳಲ್ಲ. ಮೊದಲ ದಿನ ಮೂಲ್ಕಿ ಮುಟ್ಟಿದಾಗ ಮೊಣಕಾಲು ಕಲ್ಲಾಗಿತ್ತು. ಎರಡನೇ ದಿನ ಉಡುಪಿಯ ಹತ್ತಿರ ಎರಡೂ ಅಂಗಾಲಿನಲ್ಲಿ ಬೊಕ್ಕೆ ಎದ್ದಿತು. ಯಾರಿಗೂ ಹೇಳಲಿಲ್ಲ. ಹೆದ್ದಾರಿಯ ಬದಿಯಲ್ಲಿ ಬಿಸಿ ಡಾಂಬರು, ಪಕ್ಕದಲ್ಲೇ ಎಕ್ಸ್‌ಪ್ರೆಸ್ ಬಸ್ಸುಗಳ ಗಾಳಿ. ಪ್ರತಿ ಹೆಜ್ಜೆಗೂ ಅಮ್ಮನ ಹೆಸರು ಹೇಳಿಕೊಂಡು ನಡೆದೆ. ಸಂಜೆ ಮನೆಗೆ ಫೋನ್ ಮಾಡಿ, "ಊಟ ಆಯ್ತಲ್ಲ? ಮದ್ದು ತಗೊಂಡ್ರಲ್ಲ? ಸರಿ, ಮಲಗಿ" ಎಂದು ಎರಡು ನಿಮಿಷದಲ್ಲಿ ಇಡುತ್ತಿದ್ದೆ.

ಬುಧವಾರ ಸಂಜೆ ಕೋಟ ಮುಟ್ಟುವಾಗ ಕಾಲುಚೀಲ ರಕ್ತದಲ್ಲಿ ಅಂಟಿಕೊಂಡಿತ್ತು. ಅಂದು ನಮಗೆ ಜಗಲಿ ಬಿಟ್ಟುಕೊಟ್ಟವರು ಗಿರಿಜಮ್ಮ ಎಂಬ ಎಂಬತ್ತರ ಅಜ್ಜಿ. ನನ್ನ ಕಾಲು ನೋಡಿದ ಕೂಡಲೇ ಅವರು ನಮ್ಮ ತಂಡದ ಹಿರಿಯ ರಾಮಣ್ಣನನ್ನು ಕರೆದರು. ರಾಮಣ್ಣ ಹಣೆ ಚಚ್ಚಿಕೊಂಡರು.

"ಎಂತ ಮಾರಾಯ್ರೆ ಸುಮತಿಯಕ್ಕ, ಹೇಳ್ಲಿಕ್ಕೆ ಬಾಯಿ ಇಲ್ವಾ ನಿಮ್ಗೆ? ಈ ಕಾಲಲ್ಲಿ ನಾಳೆ ಹೆಮ್ಮಾಡಿ ಮುಟ್ಟುದು ಬಿಡಿ, ಈ ಗೇಟು ದಾಟ್ಲಿಕ್ಕೂ ಆಗುದಿಲ್ಲ. ನಾಳೆ ಎಲ್ಲರಿಗೂ ರಜೆ."

"ಬೇಡ ರಾಮಣ್ಣ. ಶುಕ್ರವಾರಕ್ಕೆ ಮುಟ್ಟುವ ಹರಕೆ ಉಂಟು ನಂದು. ನಿಂತ್ರೆ ತಪ್ಪಿ ಹೋಗ್ತದೆ."

"ಶನಿವಾರ ಅಮ್ಮ ಎಂತ ಬಾಗಿಲು ಹಾಕಿ ಕೂತಿರ್ತಾರಾ?"

ಎಲ್ಲರೂ ನಕ್ಕರು. ನನಗೆ ಅಳು ಬಂತು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಬೊಕ್ಕೆ ಶುಚಿ ಮಾಡಿ ಪಟ್ಟಿ ಕಟ್ಟಿ, ನಾಳೆ ಪಾದ ನೆಲಕ್ಕೆ ಊರಬಾರದು ಎಂದುಬಿಟ್ಟರು. ಅಮ್ಮನಿಗೂ ನಾನು ಬೇಡವಾದೆ ಅನಿಸಿತು. ಕೊಟ್ಟ ಮಾತು ನಾನೇ ಉಳಿಸಿಕೊಳ್ಳದ ಮೇಲೆ ಅವರಿಗೆ ಮಾತು ಕೊಡು ಎಂದು ಯಾವ ಬಾಯಲ್ಲಿ ಕೇಳುವುದು? ಅಂದು ಪ್ರಾರ್ಥನೆ ಮಾಡದೆ ಮಲಗಿದೆ.

ಗುರುವಾರ ಬೆಳಿಗ್ಗೆ ಉಳಿದವರು ಬಟ್ಟೆ ಒಗೆದರು, ಸಮುದ್ರ ನೋಡಲು ಹೋದರು. ನಾನು ಜಗಲಿಯ ಕಂಬಕ್ಕೆ ಒರಗಿ ಕಾಲು ನೀಡಿ ಕೂತಿದ್ದೆ. ಪಕ್ಕದಲ್ಲಿ ಗಿರಿಜಮ್ಮ ಅಬ್ಬಲಿಗೆ ಹೂ ಕಟ್ಟುತ್ತಿದ್ದರು. ಏಳು ತಿಂಗಳಲ್ಲಿ ಮೊದಲ ಬಾರಿಗೆ ಮಾಡಲು ಯಾವ ಕೆಲಸವೂ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ವಸಂತಿಯ ವಿಡಿಯೋ ಕರೆ ಬಂತು. "ಅಣ್ಣ ಬೆಳಿಗ್ಗೆಯಿಂದ ಫೋನನ್ನೇ ನೋಡ್ತಾ ಇದ್ದಾರೆ ಅತ್ತಿಗೆ. ಇಕೊಳ್ಳಿ, ಮಾತಾಡಿ. ಒಲೆಯಲ್ಲಿ ಅನ್ನ ಉಂಟು, ನಾನು ಬರ್ತೇನೆ" ಎಂದು ಫೋನನ್ನು ಅವರ ಮುಂದೆ ಒರಗಿಸಿ ಒಳಗೆ ಹೋದಳು. ಯಜಮಾನರ ಮುಖ ಕಂಡಿತು. ನನಗೆ ಕೇಳಲು ಏನೂ ತೋಚಲಿಲ್ಲ. ಸುಮ್ಮನೆ ಫೋನು ತಿರುಗಿಸಿ ಪಟ್ಟಿ ಕಟ್ಟಿದ ಕಾಲು ತೋರಿಸಿದೆ. ಮತ್ತೆ ನನ್ನ ಕಡೆ ತಿರುಗಿಸಿದಾಗ ಅವರ ಕಣ್ಣು ತುಂಬಿತ್ತು. ತುಟಿ ಅಲುಗಿತು.

"ಕು..."

"ಕುಡಿಲಿಕ್ಕೆ ಬೇಕಾ?" ಎನ್ನಲು ಬಾಯಿ ತೆರೆದಿದ್ದೆ. ಗಿರಿಜಮ್ಮ ಹೂವಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು.

"ತಡಿ ಹೆಣೆ. ಅವ್ರ್ ಎಂತದೋ ಹೇಳೂಕ್ ಹೊರಟಿರ್."

ತಡೆದೆ. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ಲಾರಿ ಹೋದವು. ಅವರ ಹಣೆಯಲ್ಲಿ ಬೆವರು ಮೂಡಿತು, ಕತ್ತಿನ ನರ ಬಿಗಿಯಿತು. ಕರೆ ಕತ್ತರಿಸಿ ಓಡಿಹೋಗೋಣ ಅನಿಸಿತು. ಅಜ್ಜಿಯ ಹಿಡಿತ ಸಡಿಲವಾಗಲಿಲ್ಲ.

"ಕು... ಕುಲ್ಲು."

ತುಳುವಿನಲ್ಲಿ, ಸ್ಪಷ್ಟವಾಗಿ.

"ಎಂತ ಹೇಳಿರ್?" ಎಂದರು ತುಳು ಬಾರದ ಗಿರಿಜಮ್ಮ.

"ಕೂತ್ಕೋ ಅಂತ" ಎಂದೆ. ಆಮೇಲೆ ಅವರ ಮಡಿಲಲ್ಲಿ ಮುಖವಿಟ್ಟು ಅತ್ತದ್ದು ಮಾತ್ರ ನೆನಪು. ಫೋನಿನೊಳಗೆ ವಸಂತಿ, "ಅಣ್ಣ ಮಾತಾಡಿದ್ರು! ಅತ್ತಿಗೆ, ಕೇಳಿತಾ?" ಎಂದು ಕೂಗುತ್ತಿದ್ದಳು.

ಭಕ್ತ ಬಂಧುಗಳೇ, ನಾನು ಓದಿದವಳಲ್ಲ. ಮದ್ದು, ಆ ಹುಡುಗಿ ಕಲಿಸಿದ ಪಾಠ ಎಲ್ಲವೂ ಕೆಲಸ ಮಾಡಿರಬೇಕು, ಅದನ್ನು ಅಲ್ಲಗಳೆದರೆ ಪಾಪ ಬರುತ್ತದೆ. ಆದರೆ ಆ ಮಾತು ಹೊರಬರಲು ಜಾಗವೇ ಇಲ್ಲದಂತೆ ಮಾಡಿದ್ದವಳು ನಾನು. ಸೇವೆ ಎಂದುಕೊಂಡು ಅವರ ಪಾಲಿನದನ್ನೂ ನಾನೇ ಆಡುತ್ತಿದ್ದೆ. ಹರಕೆಯಲ್ಲೂ ಅಮ್ಮನಿಗೆ ವಾರ, ಲೆಕ್ಕ ಎಲ್ಲ ನಾನೇ ಹೇಳಿಕೊಟ್ಟಿದ್ದೆ. ತಾಯಿ ಅದ್ಯಾವುದನ್ನೂ ನಡೆಸಿಕೊಡಲಿಲ್ಲ. ನನ್ನನ್ನು ಒಂದು ದಿನ ಹಿಡಿದು ಕೂರಿಸಿದಳು, ಕೇಳಿದ್ದನ್ನು ಕೊಟ್ಟಳು.

ಶುಕ್ರವಾರ ಪಟ್ಟಿ ಕಟ್ಟಿದ ಕಾಲಲ್ಲೇ ನಿಧಾನವಾಗಿ ನಡೆದು, ಶನಿವಾರ ಮಧ್ಯಾಹ್ನ ಸೌಪರ್ಣಿಕೆಯಲ್ಲಿ ಕಾಲು ತೊಳೆದು ದರ್ಶನ ಮಾಡಿದೆ. ತಡವಾಯಿತೆಂದು ಕ್ಷಮೆ ಕೇಳಬೇಕೆಂದಿದ್ದೆ. ಎದುರು ನಿಂತಾಗ ಅದರ ಅಗತ್ಯ ಕಾಣಲಿಲ್ಲ. ಕೈಮುಗಿದು ಸುಮ್ಮನೆ ನಿಂತೆ.

ಚೈತ್ರದಲ್ಲಿ ಯಜಮಾನರನ್ನು ಬಸ್ಸಿನಲ್ಲಿ ಕರೆದುಕೊಂಡು ಮತ್ತೆ ಹೋದೆ. ಆ ವೇಳೆಗೆ ಹತ್ತಿಪ್ಪತ್ತು ಮಾತು ಬಂದಿದ್ದವು, ಒಂದೊಂದಕ್ಕೂ ಹೊತ್ತು ಬೇಕಿತ್ತು. ಕುಂಕುಮಾರ್ಚನೆಗೆ ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ಯಜಮಾನರು ಕೋಲು ಊರಿ ನಿಂತು, "ಜಯ... ರಾಮ" ಎಂದರು. "ಅನು... ರಾಧ."

"ಮತ್ತೆ ಯಾರ ಹೆಸರು?"

ಅವರು ನನ್ನ ಕಡೆ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ, "ಬೇಗ ಬೇಗ" ಎಂದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅರ್ಚಕರು ಹೂವಿನ ತಟ್ಟೆ ಹಿಡಿದು ಕಾದರು.

"ಸು... ಮತಿ."

ಕಾಯಿಲೆ ಬಿದ್ದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಅಮ್ಮ ತನ್ನ ಎದುರೇ ಅದನ್ನು ಹೇಳಿಸಿದಳು, ಅವಳ ಪಾದಕ್ಕೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು.

ನನ್ನ ನಕ್ಷತ್ರ ಮಾತ್ರ ಅವರಿಗೆ ಮದುವೆಯಾದಾಗಿನಿಂದಲೂ ನೆನಪಿರುವುದಿಲ್ಲ. ಅದನ್ನು ನಾನೇ ಹೇಳಿದೆ.