ಕಬ್ಬಿಗೆ ಹತ್ತದ ಕಸ

ಬೀಜ, ಗೊಬ್ಬರ, ಎತ್ತು, ಈ ಮೂರರ ವಿಷಯದಲ್ಲಿ ಅಂದಾನಪ್ಪ ಒಂದು ಮಾತು ಹೇಳಿದನೆಂದರೆ ಆ ಊರಲ್ಲಿ ಯಾರೂ ಅದನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡುತ್ತಿರಲಿಲ್ಲ. ಶಿರಸಿ ತಾಲೂಕಿನ ಮೂಡಣ ಅಂಚಿನಲ್ಲಿ, ಅಡಿಕೆಯ ಸೀಮೆ ಮುಗಿದು ಜೋಳದ ಸೀಮೆ ಶುರುವಾಗುವ ಕಡೆ ಅವನ ಹೊಲ. ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪ್ರಸಂಗ ಅವನಿಗೆ ಹೆಚ್ಚು ಬಂದಿರಲೂ ಇಲ್ಲ. ಜಿಲ್ಲೆ ಮುಂಬೈ ಸರಕಾರದಿಂದ ಮೈಸೂರಿಗೆ ಸೇರಿದ ವರ್ಷ, ಇನ್ನು ಬೀಜದ ಡಿಪೋ ಎಲ್ಲಿಗೆ ಹೋಗುತ್ತದೋ ಎಂದು ಊರವರು ಮೊದಲು ಬಂದು ಕೇಳಿದ್ದು ಅವನನ್ನೇ.

ಅವನ ಹೊಲಕ್ಕೆ ಇದ್ದ ಪೀಡೆ ಒಂದೇ. ಜೋಳ ಮೊಣಕಾಲುದ್ದ ಬಂದ ಮೇಲೆ ಬುಡದಲ್ಲಿ ಏಳುವ ಗೇಣುದ್ದದ ಕಸ. ಒರಟು ಎಲೆ, ಸಣ್ಣ ಬಿಳಿ ಹೂವು. ಊರವರು ಅದನ್ನು ಬಿಳಿ ಕಸ ಎಂದಷ್ಟೇ ಕರೆಯುತ್ತಿದ್ದರು. ನೋಡಲು ಬಡಪಾಯಿ ಗಿಡ. ಆದರೆ ಅದು ತನ್ನ ಬೇರನ್ನು ಜೋಳದ ಬೇರಿಗೆ ಹೊಲಿದುಕೊಂಡು ಅದರ ರಸ ಕುಡಿದೇ ಬದುಕುತ್ತದೆ. ಅದು ಮಣ್ಣಿನ ಮೇಲೆ ತಲೆಯೆತ್ತುವ ಹೊತ್ತಿಗೆ ಜೋಳ ಆಗಲೇ ಸೊರಗಿರುತ್ತದೆ. ಕಾಯಿ ಒಡೆದರೆ ಹೊಗೆಸೊಪ್ಪಿನ ಪುಡಿಯಂಥ ಬೀಜ, ಉಸಿರು ತಾಗಿದರೆ ಹಾರಿಹೋಗುವಷ್ಟು ಸಣ್ಣದು. ಅಂದಾನಪ್ಪನ ಅಪ್ಪನೂ ಅದರ ಜೊತೆ ಹೆಣಗಿದ್ದ. ಇವನೂ ವರ್ಷ ವರ್ಷ ಕೀಳುತ್ತಿದ್ದ, ಮತ್ತೆ ಏಳುತ್ತಿತ್ತು.

ಅವನ ತಂಗಿ ಗುರುಶಾಂತವ್ವನನ್ನು ಕೊಟ್ಟಿದ್ದು ವರದಾ ನದಿಯ ಬದಿಯ ಒಂದು ಹಳ್ಳಿಗೆ. ಐವತ್ತೇಳರಲ್ಲಿ ಅವಳ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಂದುಬಿಡು ಎಂದು ಅಣ್ಣ ಕರೆದ. ಅವಳು ಬರಲಿಲ್ಲ. ಕೆರೆಯ ಕೆಳಗೆ ಎರಡು ಎಕರೆ ಇದೆ, ಕಬ್ಬು ಹಚ್ಚುತ್ತೇನೆ, ಗಾಣ ಹೂಡುತ್ತೇನೆ, ಗೊಬ್ಬರ ಒಂದು ನೀನು ಕೊಡು ಎಂದಳು. ಹೆಂಗಸೊಬ್ಬಳು ಗಾಣ ನಡೆಸುವುದನ್ನು ಆ ಊರು ನೋಡಿರಲಿಲ್ಲ. ಅಂದಾನಪ್ಪನಿಗೆ ಒಳಗೊಳಗೇ ಹೆಮ್ಮೆಯಾಯಿತು. ತಿಪ್ಪೆಯ ಬುಡದ ತನಕ ಅಗೆಸಿ ಚಕ್ಕಡಿಗಳಲ್ಲಿ ಗೊಬ್ಬರ ಹೊಡೆಸಿಕೊಂಡು ತಾನೇ ಹೋದ.

ಗೊಬ್ಬರ ಇಳಿಸುವಾಗ ಪಕ್ಕದ ಹೊಲದ ಶಂಕ್ರಪ್ಪನೂ ಇನ್ನಿಬ್ಬರು ರೈತರೂ ಬಂದು ನಿಂತಿದ್ದರು. ಗುರುಶಾಂತವ್ವ ಒಂದು ಹಿಡಿ ಗೊಬ್ಬರ ಕೈಯಲ್ಲಿ ಹಿಡಿದು ನೋಡಿ ಕೇಳಿದಳು.

"ಅಣ್ಣಾ, ನಿನ್ನ ದನಾ ತಿನ್ನೂದು ನಿನ್ನ ಹೊಲದ ಜೋಳದ ಕಣಿಕೀನ. ಬಿಳಿ ಕಸದ ಬೀಜ ಇದರಾಗ ಇರಬೇಕಲ್ಲ?"

"ಇದ್ರ ಇರಲಿ," ಎಂದ ಅಂದಾನಪ್ಪ. "ಅದು ಜೋಳಕ್ಕ ಹುಟ್ಟಿದ ಕಸ. ಕಬ್ಬಿಗೆ ಹತ್ತೂದಿಲ್ಲ. ನನ್ನ ಮಾತು ನಂಬು."

ಅದು ಸುಳ್ಳಾಗಿರಲಿಲ್ಲ. ಅವನ ಹಿತ್ತಲಲ್ಲಿ ಜೋಳದ ಸಾಲಿನ ಮಗ್ಗುಲಿಗೇ ನಾಲ್ಕು ಕಬ್ಬಿನ ಹಿಂಡು ವರ್ಷಗಟ್ಟಲೆ ಬೆಳೆದಿದ್ದವು. ಜೋಳದ ಬುಡದಲ್ಲಿ ಕಸ ದಟ್ಟವಾಗಿ ಎದ್ದಾಗಲೂ ಕಬ್ಬಿನ ಬುಡ ಶುದ್ಧವಾಗಿಯೇ ಇರುತ್ತಿತ್ತು. ಕಣ್ಣಾರೆ ಕಂಡದ್ದನ್ನು ಅವನು ಹೇಳಿದ್ದ. ಶಂಕ್ರಪ್ಪ ಆ ಮಾತು ಕೇಳಿ, ಹಾಗಿದ್ದರೆ ನನಗೂ ಒಂದೆರಡು ಚಕ್ಕಡಿ ಬರಲಿ ಎಂದ. ಅವನಿಗೂ ಕೊಟ್ಟದ್ದಾಯಿತು.

ಮೊದಲ ಎರಡು ವರ್ಷ ಗುರುಶಾಂತವ್ವನ ಕಬ್ಬು ಆಳೆತ್ತರ ಮೀರಿ ಬೆಳೆಯಿತು. ಗಾಣದ ಕೆಲಸಕ್ಕೆ ಬೈರ ಎಂಬ ಆಳನ್ನು ಇಟ್ಟುಕೊಂಡಳು. ಪಾಕ ಇಳಿಸುವ ಹದ ಮಾತ್ರ ತಾನೇ ನೋಡುತ್ತಿದ್ದಳು. ಅವಳ ಬೆಲ್ಲ ಶಿರಸಿಯ ಪೇಟೆಗೆ ಹೋಗುತ್ತಿತ್ತು, ಸಿದ್ದಾಪುರದ ಕಡೆಯ ತೋಟದ ಮನೆಯವರು ಕೇಳಿ ತರಿಸಿಕೊಳ್ಳುತ್ತಿದ್ದರು. ಪ್ರತಿ ಬೇಸಿಗೆ ಅಣ್ಣ ಗೊಬ್ಬರ ಕಳಿಸುತ್ತಿದ್ದ.

ಅರುವತ್ತರ ಭಾದ್ರಪದದಲ್ಲಿ ಅಂದಾನಪ್ಪ ತಂಗಿಯ ಊರಿಗೆ ಹೋದಾಗ ಅವಳು ಅವನನ್ನು, ಕಡಿದ ಬುಡದಿಂದ ಮತ್ತೆ ಚಿಗುರಿದ ಕುಳೆ ಕಬ್ಬಿನ ಸಾಲಿನ ತುದಿಗೆ ಕರೆದೊಯ್ದಳು. ಒಂದು ಹಿಂಡಿನ ಬುಡದಲ್ಲಿ ಐದಾರು ಗಿಡ, ಬಿಳಿ ಹೂವು. ಕಬ್ಬಿನ ಗರಿ ಹಳದಿಗೆ ತಿರುಗಿ ಒಳಕ್ಕೆ ಸುತ್ತಿಕೊಂಡಿತ್ತು. ಅವಳು ಅದನ್ನು ತೋರಿಸಿ ನೀರಿನ ಕಾಲುವೆಯ ಕಡೆ ನಡೆದಳು. ಅಂದಾನಪ್ಪ ಕುಕ್ಕರುಗಾಲಲ್ಲಿ ಕುಳಿತು ಬೆರಳಿನಿಂದ ಮಣ್ಣು ಕೆದಕಿದ. ಕಸದ ಬಿಳಿ ಎಳೆಬೇರು ಕಬ್ಬಿನ ಬೇರಿಗೆ ಹೋಗಿ ಸಣ್ಣ ಗಂಟಾಗಿ ಅಂಟಿಕೊಂಡಿತ್ತು. ಎಳೆದು ನೋಡಿದ, ಬಿಡಲಿಲ್ಲ.

ಅಷ್ಟರಲ್ಲಿ ಬದುವಿನ ಮೇಲೆ ಶಂಕ್ರಪ್ಪ ಬಂದು ನಿಂತು, ಅದೇನು ಎಂದು ಕೇಳಿದ. ಅಂದಾನಪ್ಪ ಮಣ್ಣನ್ನು ಮತ್ತೆ ಬುಡಕ್ಕೆ ಎಳೆದು ಎದ್ದು ನಿಂತ. ಏನಿಲ್ಲ, ದನದ ಬಾಯಿಂದ ಬಿದ್ದ ಜೋಳ ಎಲ್ಲೋ ಮೊಳೆತಿರಬೇಕು, ಅದರ ಬೇರಿಗೆ ಬಂದ ಕಸ ಇದು, ಕಬ್ಬಿಗೆ ನೀರು ಸಾಲದೆ ಗರಿ ಸುತ್ತಿದೆ ಅಷ್ಟೇ ಎಂದ. ಶಂಕ್ರಪ್ಪ ತಲೆಯಾಡಿಸಿ ಹೋದ. ಆಗಲಾದರೂ ಆ ಐದಾರು ಗಿಡಗಳನ್ನು ಕಿತ್ತು ಒಲೆಗೆ ಹಾಕಬಹುದಿತ್ತು. ಆದರೆ ಏನಿಲ್ಲ ಎಂದು ಈಗಷ್ಟೇ ಹೇಳಿದವನು ಅದೇ ಗಿಡಗಳನ್ನು ಬಗ್ಗಿ ಕೀಳುವುದು ಹೇಗೆ? ನಾಳೆ ಬೆಳಗ್ಗೆ ಯಾರೂ ಇಲ್ಲದಾಗ ಕಿತ್ತರಾಯಿತು ಎಂದುಕೊಂಡ. ಬೆಳಗ್ಗೆ ಊರಿಂದ ಎತ್ತು ಕಾಲು ಮುರಿದುಕೊಂಡ ಸುದ್ದಿ ಬಂತು, ಹಾಗೇ ಹೊರಟುಹೋದ. ಮತ್ತೆ ಅವನು ಅಲ್ಲಿಗೆ ಬಂದದ್ದು ಸುಗ್ಗಿಯಲ್ಲಿ. ಗಿಡ ಒಣಗಿ ಕಾಯಿ ಒಡೆದು ಆಗಿತ್ತು.

ಮರುವರ್ಷ ಅಲ್ಲಿ ಒಂದು ಒಕ್ಕುವ ಕಣದಷ್ಟು ಅಗಲಕ್ಕೆ ಬಿಳಿ ಹೂವು ಹಾಸಿತು. ಅದರ ಮರುವರ್ಷ ಅರ್ಧ ಹೊಲ. ಕಬ್ಬು ಮೊಣಕಾಲು ದಾಟಲಿಲ್ಲ. ಹಿಂಡಿದರೆ ಬಂದ ಕಬ್ಬಿನ ಹಾಲು ಕಡಾಯಿಯ ತಳ ಮುಚ್ಚಲಿಲ್ಲ. ಈಗ ಅಣ್ಣ ತಂಗಿ ಇಬ್ಬರೂ ಬೈರನನ್ನು ಕಟ್ಟಿಕೊಂಡು ಇಡೀ ಮಳೆಗಾಲ ಕೀಳುತ್ತಿದ್ದರು. ಇವತ್ತು ಕಿತ್ತ ಜಾಗದಲ್ಲಿ ವಾರ ಕಳೆಯುವುದರೊಳಗೆ ಇನ್ನೊಂದು ಎದ್ದಿರುತ್ತಿತ್ತು.

ಅರುವತ್ತೆರಡರಲ್ಲಿ ಶಿರಸಿಯ ಬೇಸಾಯ ಖಾತೆಯಿಂದ ವಿಘ್ನೇಶ್ವರ ಹೆಗಡೆ ಎಂಬ ತರುಣ ಅಧಿಕಾರಿ ಬಂದರು. ಸಿದ್ದಾಪುರದ ದೊಡ್ಮನೆ ಕಡೆಯವರು. ಹೊಲವನ್ನೆಲ್ಲ ತಿರುಗಿ, ಬೇರುಗಳನ್ನು ನೀರಲ್ಲಿ ತೊಳೆದು ನೋಡಿ, ಕೊನೆಗೆ ಬದುವಿನ ಮೇಲೆ ಕುಳಿತು ನಿಧಾನವಾಗಿ ಹೇಳಿದರು. ಈ ಕಸದ ಬೀಜ ಬರಿಯ ನೀರಿಗೆ ಮೊಳೆಯುವುದಿಲ್ಲ. ಬೆಳೆಯ ಬೇರು ಮಣ್ಣಿಗೆ ಬಿಡುವ ರಸ ಸೋಕಿದರೆ ಮಾತ್ರ ಎಚ್ಚರಾಗುತ್ತದೆ. ಜೋಳದ ಹೊಲದಲ್ಲಿ ತಲೆತಲಾಂತರ ಬೆಳೆದ ಕಸಕ್ಕೆ ಜೋಳದ ರಸವೇ ಗೊತ್ತು. ಆದರೆ ಒಂದೇ ಗಿಡದ ಬೀಜಗಳೂ ಒಂದರಂತೆ ಒಂದು ಇರುವುದಿಲ್ಲ. ಲಕ್ಷಕ್ಕೆ ಒಂದೋ ಎರಡೋ ಕಬ್ಬಿನ ರಸಕ್ಕೂ ಕಣ್ಣು ಬಿಡುವಂಥವು, ಕಬ್ಬಿನ ಬೇರನ್ನೂ ಹಿಡಿಯಬಲ್ಲಂಥವು ಇರುತ್ತವೆ. ಜೋಳದ ಹೊಲದಲ್ಲಿ ಅವು ಉಳಿದವುಗಳ ನಡುವೆ ಕಳೆದುಹೋಗುತ್ತವೆ. ಬರೀ ಕಬ್ಬೇ ಇರುವ ಹೊಲದಲ್ಲಿ ಉಳಿದವೆಲ್ಲ ಮಲಗಿಯೇ ಸಾಯುತ್ತವೆ, ಇವು ಮಾತ್ರ ಬದುಕಿ ಬೀಜ ಕಟ್ಟುತ್ತವೆ. ಆ ಬೀಜಗಳಿಗೆ ತಾಯಿಯ ಗುಣವೇ ಬರುತ್ತದೆ. ನಾಲ್ಕೈದು ತಲೆಮಾರಿಗೆ ಹೊಲದ ತುಂಬ ಕಬ್ಬಿನ ಕಸವೇ ಆಗುತ್ತದೆ.

ಇಷ್ಟನ್ನೂ ಕೇಳಿದ ಮೇಲೆ ಅಂದಾನಪ್ಪ ಒಂದೇ ಪ್ರಶ್ನೆ ಕೇಳಿದ.

"ಮೊದಲು ಕಂಡಾಗ ಐದಾರ ಗಿಡ ಇದ್ದೂರಿ. ಅವತ್ತ ಕಿತ್ತಿದ್ರ?"

ಹೆಗಡೆಯವರು ತೊಳೆದಿಟ್ಟ ಬೇರೊಂದನ್ನು ಮತ್ತೆ ಎತ್ತಿ ನೋಡಿದರು. "ಅವೇ ಮೊದಲನೆಯವಾಗಿದ್ದರೆ ತಡೆಯಬಹುದಿತ್ತೋ ಏನೋ. ನಾನು ಖಾತ್ರಿಯಾಗಿ ಹೇಳಲಾರೆ, ಅಂದಾನಪ್ಪನವರೇ."

ಆ 'ಏನೋ' ಎಂಬುದು ಅಂದಾನಪ್ಪನನ್ನು ನಿದ್ದೆ ಮಾಡಲು ಬಿಡಲಿಲ್ಲ. ಸಾಹೇಬರು ಹೇಳಿದ್ದು ತಪ್ಪಿರಬಹುದು ಎಂದು ಅವನಿಗೆ ಅನಿಸತೊಡಗಿತು. ಇದು ಎಲ್ಲಿಂದಲೋ ಗಾಳಿಯಲ್ಲಿ ಬಂದ, ಏನು ಸಿಕ್ಕರೂ ತಿನ್ನುವ ಬೇರೆ ಜಾತಿಯ ಕಸವಾಗಿದ್ದರೆ? ಆಗ ತನ್ನ ಗೊಬ್ಬರದ ತಪ್ಪೂ ಇಲ್ಲ, ತಾನು ಮುಚ್ಚಿಟ್ಟದ್ದರ ತಪ್ಪೂ ಇಲ್ಲ. ಹಾಗಿದ್ದರೆ ಅದು ಜೋಳಕ್ಕೂ ಹತ್ತಬೇಕು. ತಂಗಿಯ ಹೊಲದಿಂದ ಬೀಜ ತಂದು ಮುಂದಿನ ಮಳೆಗೆ ಮೊದಲೇ ಹಳೆಯ ಗಡಿಗೆಗಳಲ್ಲಿ ಹೊಳೆದಂಡೆಯ ಹೊಸ ಮಣ್ಣು ತುಂಬಿ ಬೆರೆಸಿದ. ಕೆಲವಕ್ಕೆ ಜೋಳ ಹಾಕಿದ, ಕೆಲವಕ್ಕೆ ಕಬ್ಬಿನ ತುಂಡು ನೆಟ್ಟ. ಇನ್ನೆರಡರಲ್ಲಿ ತನ್ನ ಹೊಲದ ಕಸದ ಬೀಜ ಹಾಕಿ ಜೋಳ ಬಿತ್ತಿದ. ಹೆಂಡತಿ ಕಲ್ಲವ್ವ, ಹೊಲದಾಗಿನ ಕಸ ಸಾಲದಂತ ಗಡಿಗ್ಯಾಗೂ ಬೆಳಸ್ತೀರೇನು ಎಂದು ಕೇಳಿದಳು. ಅವನು ಗಡಿಗೆಗಳಿಗೆ ನೀರು ಹನಿಸಿದ. ದಿನಾ ಹೋಗಿ ಬಗ್ಗಿ ನೋಡುತ್ತಿದ್ದ. ಬಾಳೆಲ್ಲ ಕಿತ್ತು ಎಸೆದ ಗಿಡ ಒಂದಾದರೂ ಜೋಳದ ಬುಡದಲ್ಲಿ ಏಳಲಿ ಎಂದು ಅವನು ಕಾದದ್ದು ಆ ವರ್ಷ ಮಾತ್ರ.

ತನ್ನ ಹೊಲದ ಬೀಜ ಹಾಕಿದ ಗಡಿಗೆಗಳಲ್ಲಿ ಕಸ ಎಂದಿನಂತೆ ಎದ್ದಿತು. ತಂಗಿಯ ಹೊಲದ ಬೀಜ ಕಬ್ಬಿನ ಬುಡದಲ್ಲಿ ಮಣ್ಣು ಕಾಣದಷ್ಟು ಎದ್ದಿತು. ಅದೇ ಬೀಜದಿಂದ ಜೋಳದ ಗಡಿಗೆಗಳಲ್ಲಿ ಎರಡೋ ಮೂರೋ ಪೀಚು ಗಿಡಗಳು ಬಂದು, ಹೂ ಬಿಡದೆ ಬಾಡಿದವು. ಜೋಳ ಹಸಿರಾಗಿ ನಿಂತಿತು. ಅಂದಾನಪ್ಪನಿಗೆ ಇನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಕಸ ಅವನ ತಿಪ್ಪೆಯಿಂದ ಹೋಗಿ ತಂಗಿಯ ಕಬ್ಬಿನಲ್ಲಿ ಹೊಸದಾಗಿ ಹುಟ್ಟಿತ್ತು.

ಮರುದಿನವೇ ಅವನು ತಂಗಿಯ ಮನೆಗೆ ಹೋದ. ಅವಳು ಪಡಸಾಲೆಯಲ್ಲಿ ಹುರುಳಿ ಕೇರುತ್ತಿದ್ದಳು. ಕುಡಿಯಲು ಕೊಟ್ಟ ನೀರನ್ನು ಮುಟ್ಟದೆ, ಕುಳಿತುಕೊಳ್ಳದೆ ಹೇಳಿದ.

"ಗುರುಶಾಂತಿ, ಅವತ್ತ ನಾ ಬೇರು ನೋಡಿದ್ದೆ. ಕಬ್ಬಿಗೇ ಹತ್ತಿತ್ತು. ಗೊತ್ತಿದ್ದೂ ಅಲ್ಲಂದೆ."

ಅವಳು ಮೊರ ಕೆಳಗಿಟ್ಟಳು.

"ನಾನೂ ನೋಡಿದ್ದೆ, ಅಣ್ಣಾ. ನೀ ಶಂಕ್ರಪ್ಪಗ ಅಂದದ್ದೂ ಕಾಲುವಿ ಕಡಿಂದ ಕೇಳಿಸಿತ್ತು. ನೀ ಊರಿಗೆ ಹ್ವಾದ ದಿನಾನ ಅಗದು ನೋಡಿದೆ. ಅಣ್ಣ ಅಲ್ಲಂದಾನ, ನಾ ಹೌದಂದು ಕಿತ್ರ ಶಂಕ್ರಪ್ಪಗ ಏನು ಹೇಳಲಿ ಅಂತ ಮಣ್ಣು ಮುಚ್ಚಿದೆ."

"ನನ್ನ ಮರ್ಯಾದೆಗೇನ?"

"ಮತ್ಯಾರದ್ದು? ತವರಿನ ಮಾತು ಅದು."

ಇಬ್ಬರೂ ಅತ್ತರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಡಿಗೆಮನೆಯ ಕಡೆ ಇದ್ದ ಬೈರ ಆಮೇಲೆ ಹೇಳಿದ್ದು ಇಷ್ಟೇ: ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡದೆ ಹೊತ್ತು ಮುಳುಗುವ ತನಕ ಕುಳಿತಿದ್ದರು.

ಹೆಗಡೆಯವರ ಸಲಹೆಯಂತೆ ಅವಳು ಕಬ್ಬು ಬಿಟ್ಟು ಹತ್ತಿ, ಶೇಂಗಾ ಹಾಕಿದಳು. ಅವುಗಳ ಬೇರು ಕಸದ ಬೀಜವನ್ನು ಎಬ್ಬಿಸುತ್ತದೆ, ಆದರೆ ಹಿಡಿಯಲು ಬಿಡುವುದಿಲ್ಲ, ಎದ್ದದ್ದು ಹಸಿದು ಸಾಯುತ್ತದೆ. ಮಣ್ಣಿನಲ್ಲಿ ಉಳಿದ ಬೀಜ ತೀರಲು ಹತ್ತು ವರ್ಷವೂ ಆಗಬಹುದು, ಹೆಚ್ಚೂ ಆಗಬಹುದು ಎಂದಿದ್ದರು ಅವರು. ಗಾಣದ ಎತ್ತುಗಳನ್ನು ಮಾರಿದಳು. ಬೈರ ಯಲ್ಲಾಪುರದ ಕಡೆ ಕಟ್ಟಿಗೆ ಕಡಿಯುವ ಕೆಲಸ ಹುಡುಕಿಕೊಂಡು ಹೋದ. ಶೇಂಗಾದಲ್ಲಿ ಅವಳ ಹೊಟ್ಟೆ ತುಂಬುತ್ತಿತ್ತು, ಕೊರತೆಯೇನಿರಲಿಲ್ಲ. ಆದರೆ ಹಬ್ಬದ ಮುಂದೆ ಸಿದ್ದಾಪುರದಿಂದ ಯಾರಾದರೂ ಬೆಲ್ಲ ಕೇಳಿಕೊಂಡು ಬಂದರೆ, ಇಲ್ಲ ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

ಅಂದಾನಪ್ಪ ಶಂಕ್ರಪ್ಪನ ಮನೆಗೂ ಹೋಗಿ ನಡೆದದ್ದನ್ನು ಹೇಳಿದ. ಅಷ್ಟರಲ್ಲಿ ಶಂಕ್ರಪ್ಪನ ಕಬ್ಬಿನಲ್ಲೂ ಹೂವು ಎದ್ದಿತ್ತು. ಶಂಕ್ರಪ್ಪ ಬೈಯಲಿಲ್ಲ. ಅವತ್ತು ಬದುವಿನ ಮೇಲೆ ನಿಂತಾಗ ಹೇಳಬಹುದಿತ್ತಲ್ಲ ಎಂದಷ್ಟೇ ಅಂದ. ಆಮೇಲೆ ಮಾತು ಬಿಟ್ಟ. ಮೂರು ಮಳೆಗಾಲ ಅಂದಾನಪ್ಪ ಆ ಹೊಲಕ್ಕೆ ಹೋಗಿ ಕಸ ಕಿತ್ತ. ಶಂಕ್ರಪ್ಪ ಬದುವಿನ ಮೇಲೆ ಬಂದು ನೋಡಿ ಹಿಂದಿರುಗುತ್ತಿದ್ದ. ನಾಲ್ಕನೆಯ ವರ್ಷ ಅವನೂ ಕಬ್ಬು ಬೆಳೆಯುವುದನ್ನು ಬಿಟ್ಟ.

ಊರವರು ಆಮೇಲೂ ಬೀಜ ಗೊಬ್ಬರದ ವಿಷಯ ಕೇಳಲು ಅಂದಾನಪ್ಪನ ಬಳಿ ಬರುತ್ತಿದ್ದರು. ಅವನು ಮೊದಲಿನಂತೆ ಹೇಳುತ್ತಿರಲಿಲ್ಲ. ಇನ್ನೊಬ್ಬರನ್ನೂ ಕೇಳ್ರಿ, ನೀವೂ ಅಗದು ನೋಡ್ರಿ ಎನ್ನುತ್ತಿದ್ದ. ಕೆಲವರಿಗೆ ಅದು ಉಪೇಕ್ಷೆಯ ಹಾಗೆ ಕಂಡು, ಅವನಿಗೆ ವಯಸ್ಸಾಯಿತು ಎಂದು ಮಾತಾಡಿಕೊಂಡರು. ಬರುವವರು ಕ್ರಮೇಣ ಕಡಿಮೆಯಾದರು.