ಪಾಪಾಗೆ ತಾರೀಕು ಹೇಳುತ್ತಿದ್ದ ಕನಕವಲ್ಲಿ ಮೇಡಂ

ಕನಕವಲ್ಲಿ ಮೇಡಂ ದಿನಾ ಬೆಳಗ್ಗೆ ಒಂಬತ್ತೂವರೆಗೆ ಪ್ರೆಸ್ಸಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಹೊದಿಸಿದ್ದ ಹಳೇ ಸೀರೆಯ ತುಂಡನ್ನು ಮಡಿಸಿಟ್ಟು, ಸ್ವಿಚ್ಚು ಹಾಕಿ ಅದರ ಮುಂದೆ ಕೈಕಟ್ಟಿ ಕೂರುತ್ತಿದ್ದರು. ಪರದೆ ಬೆಳಗಿದ ಕೂಡಲೇ ಅದನ್ನು ಪುಟ್ಟ ಮಗುವಿನಂತೆ ಪಾಪಾ ಎಂದು ಕರೆದು ಅದರ ಜೊತೆ ಮಾತು ಶುರು. "ಎದ್ದೇಳು ಪಾಪಾ. ಇವತ್ತು ಬುಧವಾರ. ಹದಿನಾಲ್ಕನೇ ತಾರೀಕು. ಟೈಮು ಒಂಬತ್ತು ಮೂವತ್ತೆಂಟು." ಹೇಳುತ್ತಲೇ ಮೌಸ್ ಹಿಡಿದು ಅದರ ಗಡಿಯಾರವನ್ನು ಸರಿ ಮಾಡುತ್ತಿದ್ದರು. ಮೊದಲ ದಿನ ಇದನ್ನು ನೋಡಿದಾಗ ಈಯಮ್ಮನಿಗೆ ಎಲ್ಲೋ ಸ್ವಲ್ಪ ಸಡಿಲ ಅಂದುಕೊಂಡಿದ್ದೆ.

ಸಡಿಲ ಇರಲಿಲ್ಲ. ಅದು ಬೂದು ಬಣ್ಣದ ಹಳೆಯ ಮ್ಯಾಕ್ ಕಂಪ್ಯೂಟರು. ಅದರೊಳಗೆ ಗಡಿಯಾರ ನಡೆಸಲೆಂದೇ ಕಿರುಬೆರಳಿನ ಅರ್ಧದಷ್ಟು ಒಂದು ಬ್ಯಾಟರಿ ಇರುತ್ತದೆ. ಅದು ಸತ್ತುಹೋಗಿತ್ತು. ಪ್ರೆಸ್ಸಿನ ಮಾಲೀಕರಾದ ರಹಮತ್ ಸಾಹೇಬರಿಗೆ ಬೆಂಕಿಯ ಭಯ. ಸಂಜೆ ಬೀಗ ಹಾಕುವ ಮುಂಚೆ ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತಿದ್ದರು. ಹೀಗೆ ಕರೆಂಟು ಪೂರ್ತಿ ನಿಂತಾಗಲೆಲ್ಲ ಆ ಯಂತ್ರ ತಾರೀಕು ಮರೆತು ಸಾವಿರದ ಒಂಬೈನೂರ ಐವತ್ತಾರನೇ ಇಸವಿಗೆ ಹೋಗಿಬಿಡುತ್ತಿತ್ತು. "ನನಗಿಂತ ಎರಡೇ ವರ್ಷ ಚಿಕ್ಕೋಳು. ಅದಕ್ಕೇ ನಮ್ಮಿಬ್ಬರಿಗೂ ಸರಿಹೋಗುತ್ತೆ" ಎಂದು ಮೇಡಂ ನಗುತ್ತಿದ್ದರು.

ನಾನು ಆ ಪ್ರೆಸ್ಸಿಗೆ ಹೋದದ್ದೇ ಅವರ ಪಾಪಾನನ್ನು ಹೊರಗೆ ಹಾಕಿಸಲು.

ತೊಂಬತ್ತೊಂಬತ್ತನೇ ಇಸವಿ. ನಾನು ರಾಯಚೂರಿನಿಂದ ಬಂದು ರಾಮಮೂರ್ತಿ ನಗರದ ಒಂದು ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದೆ. ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು, ವಿಂಡೋಸ್ ಹಾಕಿ, ಒಂದೊಂದೇ ಮನೆಗೆ ಕೊಡುತ್ತಿದ್ದೆ. ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಈ ಪ್ರೆಸ್ಸು ನನ್ನ ಪಾಲಿಗೆ ಬಂದ ಮೊದಲ ದೊಡ್ಡ ಗಿರಾಕಿ. ರಹಮತ್ ಸಾಹೇಬರು ಪಂದ್ಯವನ್ನೇ ಕಟ್ಟಿದ್ದರು. "ಅರೆ ಭಾಯ್, ನಿಂದೂ ತಂದು ಮೇಡಂ ಮೆಷಿನ್ ಪಕ್ಕ ಇಡು. ಹದಿನೈದು ದಿನ. ಬಂದಿದ್ ಕೆಲಸ ಎಲ್ಲಾ ಎರಡರಲ್ಲೂ ಮಾಡಿ. ನಿಂದು ಗೆದ್ರೆ ಮೂರು ಮೆಷಿನ್ ತಗೋತೀನಿ, ಮ್ಯಾಕ್ ತೆಗೀತೀನಿ. ಇಲ್ಲಾಂದ್ರೆ ನಿಂದು ವಾಪಸ್."

ಮೇಡಂ ಆ ಮ್ಯಾಕಿನ ಮೇಲೆ ಒಂಬತ್ತು ವರ್ಷ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಟೈಪು ಮಾಡಿದ್ದರು. ಕೀಲಿ ನೋಡುತ್ತಿರಲಿಲ್ಲ. ಹಸ್ತಪ್ರತಿಯ ಮೇಲೆ ಕಣ್ಣು, ಬಾಯಿಯಲ್ಲಿ ಲವಂಗ. ಮದುವೆ ಕಾರ್ಡು, ಚರ್ಚಿನ ವಾರಪತ್ರಿಕೆ, ಹಲಸೂರಿನ ದೇವಸ್ಥಾನದ ಕರಪತ್ರ, ಏನು ಬಂದರೂ ಅದೇ ವೇಗ. ಗಂಡ ತೀರಿಕೊಂಡಿದ್ದರು, ಮಗಳು ಓದುತ್ತಿದ್ದಳು, ಆ ಕುರ್ಚಿ ಹೋದರೆ ಅವರಿಗೆ ಬೇರೆ ಕುರ್ಚಿ ಇರಲಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಹನ್ನೊಂದು ಗಂಟೆಗೆ ತಮ್ಮ ಫ್ಲಾಸ್ಕಿನ ಕಾಫಿಯಲ್ಲಿ ಅರ್ಧ ನನಗೆ ಸುರಿಯುತ್ತಿದ್ದರು.

ವಾದಕ್ಕೇನೂ ಕಮ್ಮಿ ಇರಲಿಲ್ಲ. "ನಂದು ಅಗ್ಗ ಅದರಿ ಮೇಡಂ. ಕೆಟ್ಟರ ಗಲ್ಲಿಗೊಬ್ಬ ರಿಪೇರಿ ಮಾಡಾಂವ ಸಿಗ್ತಾನ" ಎಂದು ನಾನು ಕೊಚ್ಚಿಕೊಂಡರೆ, "ಗಲ್ಲಿಗೊಬ್ಬ ರಿಪೇರಿಯವನು ಬೇಕಾಗೋ ಮೆಷಿನ್ನು ಯಾಕೆ ತಗೋಬೇಕು ಕಣ್ಣಾ?" ಎನ್ನುತ್ತಿದ್ದರು. ಅವರ ತಮಿಳಿನ 'ಕಣ್ಣಾ' ಎಲ್ಲರಿಗೂ ಸಲ್ಲುತ್ತಿತ್ತು, ಎದುರಾಳಿಗೂ. ನನ್ನ ಯಂತ್ರದಲ್ಲಿ ಬಣ್ಣದ ಚಿತ್ರ ಚಕ್ಕನೆ ತೆರೆದಾಗ ಮಾತ್ರ ಕುರ್ಚಿ ಎಳೆದುಕೊಂಡು ಬಂದು ನೋಡಿ, "ಚೆನ್ನಾಗಿದೆ. ಸುಳ್ಳು ಯಾಕೆ ಹೇಳ್ಲಿ" ಎಂದು ಒಪ್ಪಿಕೊಳ್ಳುತ್ತಿದ್ದರು. ಅವರು ಒಪ್ಪಿಕೊಂಡಷ್ಟೂ ನನಗೆ ರೇಗುತ್ತಿತ್ತು.

ಮೂರನೆಯ ದಿನವೋ ಏನೋ, ಅವರು ನನ್ನನ್ನು ಒಂದು ಉಪಕಾರ ಕೇಳಿದರು. ಎದುರಾಳಿಯನ್ನೇ ಉಪಕಾರ ಕೇಳುವುದು ಅವರಿಗೆ ಮಾತ್ರ ಸಾಧ್ಯ. ಸತ್ತ ಬ್ಯಾಟರಿಯನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟು, "ನೀನು ದಿನಾ ಎಸ್.ಪಿ. ರೋಡಿಗೆ ಹೋಗ್ತೀಯಲ್ಲ, ಇಂಥದ್ದು ಸಿಗುತ್ತಾ ನೋಡು ಕಣ್ಣಾ. ಸಾಬ್ ಯಾರ್‍ಯಾರಿಗೋ ಹೇಳಿದ್ರು, ಯಾರೂ ತರ್ಲಿಲ್ಲ" ಎಂದರು.

ನಾನು ಹೋದೆ. ಎರಡನೇ ಅಂಗಡಿಯಲ್ಲೇ ಇತ್ತು. ಗಾಜಿನ ಡಬ್ಬಿಯಲ್ಲಿ ನಾಲ್ಕು ಬ್ಯಾಟರಿ. ಒಂದನ್ನು ಕೈಗೆ ತೆಗೆದುಕೊಂಡೆ, ತಿರುಗಿಸಿ ನೋಡಿದೆ, ವಾಪಸು ಇಟ್ಟೆ. ತಾರೀಕು ಮರೆಯುವ ಕಂಪ್ಯೂಟರು ಎಂಬುದು ಸಾಹೇಬರ ಮುಂದೆ ನನ್ನ ದೊಡ್ಡ ಅಸ್ತ್ರವಾಗಿತ್ತು. ಅದನ್ನು ನನ್ನ ಕೈಯಾರೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

"ಸಿಗಂಗಿಲ್ರಿ ಮೇಡಂ. ರೋಡೆಲ್ಲ ತಿರುಗಿ ಕೇಳೇನಿ. ಈಗ ಬರಂಗೇ ಇಲ್ಲಂತ" ಎಂದೆ.

"ಪಾಪ, ಬಿಸಿಲಲ್ಲಿ ಸುತ್ತಿದ್ಯಾ" ಎಂದು ಅವತ್ತು ಕಾಫಿ ಪೂರ್ತಿ ನನಗೇ ಕೊಟ್ಟರು. ನಾನು ಕುಡಿದೆ.

ಹತ್ತನೆಯ ದಿನ ಒಂದು ಕೆಲಸ ಬಂತು. ಕೆ.ಆರ್. ಪುರಂ ಕಡೆಯ ಕಾರ್ಖಾನೆಯೊಂದರ ಕಾಲೋನಿಯಲ್ಲಿ ಶನಿವಾರ ಆರೋಗ್ಯ ಶಿಬಿರ. ಅಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿ ಹಂಚುವಾಗ ಜೊತೆಗೆ ಕೊಡಲು ಒಂದು ಚೀಟಿ ಬೇಕಿತ್ತು, ಯಾವ ವಯಸ್ಸಿನವರಿಗೆ ಎಷ್ಟು ಚಮಚ ಅಂತ. ಮೇಡಂ ಮಂಗಳವಾರ ಅದನ್ನು ಜೋಡಿಸಿದರು. ಕೊಟ್ಟ ಬರಹದಲ್ಲೇ ಅಂಕಣ ಅದಲುಬದಲಾಗಿತ್ತು, ದೊಡ್ಡವರ ಎರಡು ಚಮಚ ಮಕ್ಕಳ ಸಾಲಿಗೆ, ಮಕ್ಕಳ ಅರ್ಧ ಚಮಚ ದೊಡ್ಡವರ ಸಾಲಿಗೆ. ಕರಡು ನೋಡುವಾಗ ಅದು ಶಿಬಿರದ ಡಾಕ್ಟರ ಕಣ್ಣಿಗೆ ಬಿದ್ದು, ಬುಧವಾರ ಮಧ್ಯಾಹ್ನ ಅವರೇ ಕೆಂಪು ಶಾಯಿಯಲ್ಲಿ ತಿದ್ದಿದ ಪ್ರತಿ ಹಿಡಿದು ಬಂದರು.

ಅವತ್ತು ಹನ್ನೆರಡಕ್ಕೆ ಕರೆಂಟು ಹೋಗಿತ್ತು. ಅದು ಬಂದಾಗ ಮೇಡಂ ಊಟಕ್ಕೆಂದು ಹಿಂದಿನ ಕೋಣೆಗೆ ಹೋಗಿದ್ದರು. ನನಗೊಂದು ಚಪಲ. ಮ್ಯಾಕ್ ಏಳಲು ಎಷ್ಟು ಹೊತ್ತು, ನನ್ನದು ಏಳಲು ಎಷ್ಟು ಹೊತ್ತು ಎಂದು ಅಳೆದು ಸಾಹೇಬರಿಗೆ ತೋರಿಸಬೇಕು. ವಾಚು ನೋಡುತ್ತಾ ಅವರ ಯಂತ್ರ ಆನ್ ಮಾಡಿದೆ. ನನ್ನದು ನಲವತ್ತು ಸೆಕೆಂಡು ಮುಂದಿತ್ತು. ಖುಷಿಯಲ್ಲಿ ಅದನ್ನು ಡೈರಿಯಲ್ಲಿ ಬರೆಯುತ್ತಿರುವಾಗಲೇ ಮೇಡಂ ಕೈ ಒರೆಸಿಕೊಳ್ಳುತ್ತಾ ಬಂದರು. ಡಾಕ್ಟರು ಅವಸರದಲ್ಲಿ ಬಾಗಿಲಲ್ಲೇ ನಿಂತಿದ್ದರು.

"ಪಾಪಾನ ಎಬ್ಬಿಸಿದ್ದು ನೀನಾ?"

"ಹೂಂ ರಿ."

"ಒಳ್ಳೇದು ಮಾಡ್ದೆ."

ಹತ್ತು ದಿನದಿಂದ ಅವರು ತಾರೀಕು ಹೇಳುವುದನ್ನು ಪಕ್ಕದಲ್ಲೇ ಕೂತು ನೋಡಿದವನು ನಾನು. ಎಬ್ಬಿಸಿದವನು ತಾರೀಕೂ ಹೇಳಿರುತ್ತಾನೆ ಎಂದು ಅವರು ನಂಬಿದರು. ನನಗೆ ಅದು ನೆನಪಿಗೇ ಬರಲಿಲ್ಲ. ಅವರು ಅಂಕಣಗಳನ್ನು ಸರಿ ಮಾಡಿ, ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿಕೊಂಡು, ತಿದ್ದಿದ್ದನ್ನು ಬೇರೆ ಫೈಲಾಗಿ ಉಳಿಸಿದರು. ಆ ಪ್ರೆಸ್ಸಿನ ಪದ್ಧತಿ ಅದು, ಪ್ರತಿ ತಿದ್ದುಪಡಿಗೂ ಒಂದು ಹೊಸ ಫೈಲು. ಸಂಜೆ ರಹಮತ್ ಸಾಹೇಬರು ಆ ಕೆಲಸದ ಫೈಲುಗಳ ಪಟ್ಟಿಯನ್ನು ತಾರೀಕಿನ ಪ್ರಕಾರ ತೆರೆದು, ಎಲ್ಲಕ್ಕಿಂತ ಮೇಲಿರುವ ಹೊಸದನ್ನು ಡಿಸ್ಕಿಗೆ ಹಾಕಿಕೊಂಡು ಅಚ್ಚಿಗೆ ಬೇಕಾದ ಫಿಲಂ ತೆಗೆಸಲು ಹೋಗುತ್ತಿದ್ದರು. "ಊಪರ್‌ವಾಲಾ ಕಭೀ ಗಲತ್ ನಹೀಂ", ಮೇಲಿರುವವನು ಯಾವತ್ತೂ ತಪ್ಪಲ್ಲ ಎಂಬುದು ಅವರ ತಮಾಷೆ. ಅವತ್ತು ಮೇಲಿದ್ದದ್ದು ಮಂಗಳವಾರದ ಫೈಲು. ಬುಧವಾರ ತಿದ್ದಿದ ಫೈಲು ಐವತ್ತಾರನೇ ಇಸವಿಯ ತಾರೀಕು ಹೊತ್ತು ತಳದಲ್ಲಿ ಕೂತಿತ್ತು.

ಶನಿವಾರ ಬೆಳಗ್ಗೆ ಕಟ್ಟುಗಳು ಶಿಬಿರಕ್ಕೆ ಹೋದವು. ಮೇಡಂಗೆ ಒಂದು ಅಭ್ಯಾಸವಿತ್ತು. ಕೆಲಸ ಹೊರಟ ಮೇಲೂ ಅದರ ಒಂದು ಪ್ರತಿ ಇಟ್ಟುಕೊಂಡು, ಯಾವತ್ತೂ ನೋಡಿಲ್ಲದವರಂತೆ ಗಟ್ಟಿಯಾಗಿ ಓದುವುದು. ಅವತ್ತೂ ಓದಲು ಶುರುಮಾಡಿದರು. "ಒಂದರಿಂದ ಐದು ವರ್ಷದ ಮಕ್ಕಳು, ಎರಡು ಚಮಚ, ದಿನಕ್ಕೆ ಮೂರು ಸಲ." ಅಲ್ಲಿಗೆ ನಿಂತರು. ಚೀಟಿ ಕೆಳಗಿಟ್ಟು ಪಾಪಾನ ಪಟ್ಟಿ ತೆರೆದರು. ತಳದವರೆಗೆ ಹೋದರು. ತಿರುಗಿ ನನ್ನ ಮುಖ ನೋಡಿದರು.

ನನಗೆ ಅರ್ಥವಾಯಿತು.

"ಆಟೋ ಹಿಡಿ" ಎಂದರು.

ಹಳೇ ಮದ್ರಾಸ್ ರಸ್ತೆಯಲ್ಲಿ ಅವತ್ತಿನಷ್ಟು ಉದ್ದದ ದಾರಿಯನ್ನು ನಾನು ಮತ್ತೆ ಕಂಡಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಲಾರಿಗಳು ಅಡ್ಡ ನಿಂತಿದ್ದವು. ಮೇಡಂ ಆಟೋದಿಂದ ಇಳಿದು ಸೆರಗು ಸಿಕ್ಕಿಸಿಕೊಂಡು ನಡೆದೇಬಿಟ್ಟರು. ಹಿಂದೆ ನಾನು. ಶಿಬಿರ ತಲುಪಿದಾಗ ಎರಡು ಬೀದಿಯವರು ಬಾಟಲಿ, ಚೀಟಿ ತೆಗೆದುಕೊಂಡು ಹೋಗಿಯಾಗಿತ್ತು. ಡಾಕ್ಟರು ಉಳಿದ ಕಟ್ಟುಗಳನ್ನು ತಡೆದು, ಚೀಟಿ ಒಯ್ದವರ ಪಟ್ಟಿಯನ್ನು ಮೇಡಂ ಕೈಗೆ ಕೊಟ್ಟರು. ಆಮೇಲೆ ಮನೆಮನೆ. "ಅಮ್ಮಾ, ಚೀಟಿ ತಪ್ಪಾಗಿದೆ, ಕೊಡಿ. ಮಗೂಗೆ ಅರ್ಧ ಚಮಚ, ಅರ್ಧವೇ." ಪ್ರತಿ ಬಾಗಿಲಲ್ಲೂ ಅದೇ ಮಾತು. ಒಂದು ಮನೆಯಲ್ಲಿ ತಾಯಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊದಲ ಚಮಚ ತುಂಬಿಸಿದ್ದಳು. ಮೇಡಂ ಮಾತೇ ಆಡದೆ ಒಳಗೆ ನುಗ್ಗಿ ಅವಳ ಮಣಿಕಟ್ಟು ಹಿಡಿದರು. ಸಿರಪ್ಪು ಅವರ ಸೀರೆಯ ಮೇಲೆ ಚೆಲ್ಲಿತು. ಮಗು ಅಳತೊಡಗಿತು, ನಾನು ನೆಲದ ಮೇಲಿದ್ದ ಚೀಟಿ ಎತ್ತಿಕೊಂಡೆ.

ನಾಲ್ಕು ಗಂಟೆಗೆ ಕೊನೆಯ ಚೀಟಿ ಸಿಕ್ಕಿತು. ಯಾರಿಗೂ ಏನೂ ಆಗಲಿಲ್ಲ.

ಪ್ರೆಸ್ಸಿನಲ್ಲಿ ರಹಮತ್ ಸಾಹೇಬರು ಕೂತ ಜಾಗದಲ್ಲೇ ಬೆವರುತ್ತಿದ್ದರು. ಕೂಗಾಡುವ ಮನುಷ್ಯರಲ್ಲ, ಅವತ್ತು ಕೂಗಿದರು. "ಕೈಸೇ ಹುವಾ ಮೇಡಂ? ಬಚ್ಚೋಂ ಕಾ ಮಾಮ್ಲಾ! ಮಕ್ಕಳ ವಿಷಯ, ಹೇಗಾಯ್ತು ಇದು?"

ಮೇಡಂ ನನ್ನ ಕಡೆ ನೋಡಲಿಲ್ಲ. ನಾನು ನನ್ನ ಪರದೆಯನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಇರಲಿಲ್ಲ.

"ತಪ್ಪು ನಂದೇ ಸಾಬ್. ಕರೆಂಟ್ ಹೋಗಿ ಬಂತು, ತಾರೀಕು ಹೇಳೋದು ಮರೆತೆ."

ಸಾಹೇಬರು ಬೆವರು ಒರೆಸಿಕೊಂಡು, "ತಾರೀಕು ಮರೆಯೋ ಮೆಷಿನ್ ಇನ್ನು ಬೇಡ ಮೇಡಂ" ಎಂದರು. ನನ್ನ ಕಡೆ ತಿರುಗಿ ಮೂರು ಬೆರಳು ತೋರಿಸಿದರು. ಗೆದ್ದೆ. ಹೇಗೆ ಗೆದ್ದೆ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ, ಹೇಡಿ ನಾನು.

ಮೇಡಂ ಒಂದು ತಿಂಗಳು ನನ್ನ ಯಂತ್ರದ ಮುಂದೆಯೇ ಕೂತು ವಿಂಡೋಸ್ ಕಲಿತರು. ಚೆನ್ನಾಗಿಯೇ ಕಲಿತರು. ಆಮೇಲೆ ಒಂದು ದಿನ, "ಇವನಿಗೆ ಎಲ್ಲಾ ನೆನಪಿರುತ್ತೆ ಕಣ್ಣಾ. ಇವನಿಗೆ ನಾನು ಬೇಕಾಗಿಲ್ಲ" ಎಂದು ಎದ್ದರು. ಗುಜರಿಗೆ ಹೋಗಬೇಕಿದ್ದ ಮ್ಯಾಕನ್ನು ಸಾಹೇಬರಿಂದ ಕೇಳಿ ಪಡೆದು, ಸೀರೆ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹಲಸೂರಿಗೆ ಹೋದರು. ಆಟೋಗೆ ಹತ್ತಿಸಿಕೊಟ್ಟವನು ನಾನೇ.

ಏಳು ವರ್ಷ ಅವರ ಮನೆ ಕಡೆ ಸುಳಿಯಲಿಲ್ಲ. ಅಷ್ಟರಲ್ಲಿ ರಾಮಮೂರ್ತಿ ನಗರದಲ್ಲಿ ನನ್ನದೇ ಅಂಗಡಿ ಆಯಿತು. ಲ್ಯಾಪ್‌ಟಾಪ್ ಬಂದು, ಜೋಡಿಸಿದ ಕಂಪ್ಯೂಟರುಗಳನ್ನು ಕೇಳುವವರೂ ಕಮ್ಮಿಯಾದರು. ಒಂದು ಮಧ್ಯಾಹ್ನ ಎಸ್.ಪಿ. ರೋಡಿನ ಅದೇ ಎರಡನೇ ಅಂಗಡಿಯಲ್ಲಿ ನಿಂತಾಗ ಆ ಬ್ಯಾಟರಿ ಕಣ್ಣಿಗೆ ಬಿತ್ತು. ಒಂದು ತೆಗೆದು ಜೇಬಿಗೆ ಹಾಕಿಕೊಂಡು ನೆಟ್ಟಗೆ ಹಲಸೂರಿಗೆ ಹೋದೆ. ಎಲ್ಲ ಹೇಳಿಬಿಡಬೇಕು ಅಂದುಕೊಂಡೇ ಹೋದೆ.

ಕೆರೆಯ ಹಿಂದಿನ ಬೀದಿ, ಕಿರಿದಾದ ಮನೆ. ಮೇಡಂ ಸೊರಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಮುಖ ಅರಳಿತು. ಮೂಲೆಯಲ್ಲಿ ಪಾಪಾ, ಅದೇ ಸೀರೆ. ಬೀದಿಯವರಿಗೆ ಅರ್ಜಿ, ಆಹ್ವಾನಪತ್ರ ಟೈಪು ಮಾಡಿಕೊಡುತ್ತಿದ್ದರಂತೆ.

"ಮೇಡಂ, ಅವತ್ತು ತಾರೀಕು ಮರೆತದ್ದು ನಾನು. ನೀವು ನಿಮ್ಮ ಮೇಲೆ ಹಾಕ್ಕೊಂಡ್ರಿ" ಎಂದೆ.

ಅವರು ಕಾಫಿ ಲೋಟ ನನ್ನ ಮುಂದಿಟ್ಟರು. "ಗೊತ್ತಲ್ಲಪ್ಪ. ನಿನ್ನ ಹೆಸರು ಹೇಳೋಕೆ ಬಾಯಿಗೆ ಬಂದಿತ್ತು. ಮಕ್ಕಳ ವಿಷಯ, ಅಷ್ಟು ಸಿಟ್ಟು ಬಂದಿತ್ತು ನನಗೆ. ಆಮೇಲೆ ಅಂದುಕೊಂಡೆ, ನನ್ನ ಪಾಪಾಗೋಸ್ಕರ ಬಿಸಿಲಲ್ಲಿ ರೋಡೆಲ್ಲ ಅಲೆದು ಬ್ಯಾಟರಿ ಹುಡುಕಿದೋನು ಇವನೊಬ್ಬನೇ. ಗೆಲ್ಲಬೇಕಾದೋನೇ ಹುಡುಕಿದ. ಅಂಥೋನನ್ನ ಹೇಗೆ ಬಿಟ್ಟುಕೊಡಲಿ?"

ನಾನು ಹೇಳಬೇಕಾಗಿದ್ದ ಉಳಿದ ಮಾತು ಅಲ್ಲೇ ಸತ್ತಿತು. ಜೇಬಿನಿಂದ ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟೆ.

ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. "ಅಯ್ಯೋ ಕಣ್ಣಾ! ಎಲ್ಲಿ ಸಿಕ್ತು?"

"ಈಗ ಬರ್ತಾ ಇದೆ ಮೇಡಂ" ಎಂದೆ. ಅದನ್ನು ಪಾಪಾಗೆ ಕೂರಿಸಿ, ತಾರೀಕು ಸರಿ ಮಾಡಿಟ್ಟು ಬಂದೆ.

ಮಾರನೇ ದಿನ ಅಂಗಡಿಗೆ ಅವರ ಫೋನು ಬಂತು. ಅಷ್ಟು ಸಂತೋಷದ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. "ಪ್ಲಗ್ ಕಿತ್ತಿಟ್ಟೇ ಮಲಗಿದ್ದೆ. ಬೆಳಗ್ಗೆ ಸ್ವಿಚ್ ಹಾಕಿದ್ರೆ, ನಾನು ಬಾಯಿ ಬಿಡೋ ಮೊದಲೇ ಪಾಪಾನೇ ತಾರೀಕು ತೋರಿಸ್ತಾ ಇದಾಳೆ! ಏಳು ವರ್ಷ, ಕಣ್ಣಾ. ಏಳು ವರ್ಷ ಬಿಡದೆ ಹುಡುಕಿದ್ಯಲ್ಲ ನೀನು!"

ನಾನು "ಹೂಂ ಮೇಡಂ" ಎಂದೆ. ಅವರು ಇರುವವರೆಗೂ ಆ ಮನೆಗೆ ಮತ್ತೆ ಹೋಗಲಿಲ್ಲ.