ಅವ್ವ ಮತ್ತು ಹೊಸ ಕಾರಿನ ಸೆಂಟು

ಗೆಳೆಯರೇ, ಇವತ್ತು ನಮ್ಮವ್ವ ಎರಡು ಹೊಸ ಕಾರುಗಳನ್ನು ಮನೆ ಹತ್ತಿರಕ್ಕೇ ಬಿಡಲಿಲ್ಲ.

ದಿನಾ ಬಿಡದಿಯ ಫ್ಯಾಕ್ಟರಿಗೆ ಹೋಗಿಬರಲು ನನಗೊಂದು ಸಣ್ಣ ಕಾರು ಬೇಕಿತ್ತು. ಓಡಿಸಿ ನೋಡಿ ಅಂತ ಷೋರೂಮಿನವರು ಎರಡನ್ನು ನಮ್ಮೂರು ಬೈರಾಪಟ್ಟಣಕ್ಕೇ ತಂದಿದ್ದರು. ಕೆಂಪನೆಯದು ನೆಲಕ್ಕಂಟಿದಂತಿತ್ತು, ಆಕ್ಸಿಲರೇಟರ್ ಮುಟ್ಟಿದರೆ ಸಾಕು ಚಿಮ್ಮುತ್ತಿತ್ತು. ಬಿಳಿಯದೂ ಚುರುಕೇ, ಆದರೆ ಸೀಟು ಎತ್ತರ. ಅವ್ವನ ಮಂಡಿನೋವಿಗೆ ಬಿಳಿಯದೇ ಸರಿ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅವ್ವ ಬಾಗಿಲಿಂದಲೇ ಕೂಗಿದಳು: "ನಿಲ್ಸ್ರಪ್ಪಾ ಅಲ್ಲೇ! ಏನದು ವಾಸ್ನೆ?"

"ಕಾರಿನ ಸೆಂಟು ಅಮ್ಮಾ, ಫ್ರೀ," ಅಂದ ಸೇಲ್ಸ್‌ಮನ್.

"ಒಳಗೆ ರೇಷ್ಮೆ ಹುಳ ಜ್ವರಕ್ಕೆ ಕೂತವೆ. ನಿನ್ ಫ್ರೀ ಸೆಂಟಿಗೆ ಎಲ್ಲಾ ಸತ್ತೋಯ್ತವೆ. ಹುಣಸೆಮರದತ್ರ ನಿಲ್ಸು!"

ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು. ಆಗ ಅವು ಸೊಪ್ಪು ತಿನ್ನಲ್ಲ, ಅವ್ವನಿಗೂ ಬಿಡುವು. ಸೀದಾ ಮರದ ಹತ್ತಿರ ಬಂದವಳೇ ಕೆಂಪು ಕಾರಿನ ಸೆಂಟು ಬಾಟಲಿ ಕಿತ್ತು ಸೇಲ್ಸ್‌ಮನ್ ಕೈಗಿಟ್ಟು, ಮುಂದಿನ ಸೀಟಲ್ಲಿ ಕೂತಳು.

"ನಾಕೂ ಕಿಟ್ಕಿ ಇಳ್ಸ್ಲಾ ಮಗಾ. ವಾಸ್ನೆ ಹೋಗ್ಲಿ, ಒಸಿ ಜೋರಾಗಿ ಬುಡು."

ಮೈಸೂರು ರಸ್ತೆಗೆ ಬಂದದ್ದೇ ಬಿಟ್ಟೆ. ಒಂದು ಕೆಂಪು ಬಸ್ಸು ಹಿಂದೆ ಉಳಿಯಿತು. ಅವ್ವನ ತಲೆಮೇಲಿನ ಸೆರಗು ಹಾರಿತು, ಅವಳು ಹಿಡಿಯಲೂ ಹೋಗಲಿಲ್ಲ. ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ಹಿಂದಿನ ಸೀಟಲ್ಲಿ ಸೇಲ್ಸ್‌ಮನ್ ಬೆಲ್ಟ್ ಹುಡುಕುತ್ತಿದ್ದ.

"ವಾಸ್ನೆ ಹೋಯ್ತು ಕಣವ್ವ, ತಿರುಗಿಸ್ಲಾ?" ಅಂದೆ.

"ಇನ್ನೂ ಒಸಿ ಐತೆ, ಬುಡು."

ಕೆಂಪು ಕಾರನ್ನೇ ಬುಕ್ ಮಾಡಿದ್ದೇನೆ. ಅವ್ವನ ಪ್ರಕಾರ, ರಾಮನಗರ ದಾಟಿದರೂ ಆ ವಾಸನೆ ಪೂರ್ತಿ ಹೋಗಿರಲಿಲ್ಲ.